ನಾನು ಕೊಟ್ಟ ರಜೆ

ಆ ಡಿಸೆಂಬರಿನ ಡ್ಯೂಟಿ ಪಟ್ಟಿ ಬರೆಯಲು ಕೂತಾಗ ಇಪ್ಪತ್ತೈದನೇ ತಾರೀಖನ್ನೇ ಮೊದಲು ತುಂಬಿದೆ. ಮೂರೂ ಪಾಳಿಗೆ ನನ್ನ ಹೆಸರು. ಅವಳ ಹೆಸರಿನ ಮುಂದೆ ‘ರಜೆ’.

ಮದ್ದೂರಿನ ಒಂದು ಸಣ್ಣ ಆಸ್ಪತ್ರೆಯ ಡಯಾಲಿಸಿಸ್ ಘಟಕದಲ್ಲಿ ನಾವು ಇಬ್ಬರೇ ಟೆಕ್ನೀಷಿಯನ್‌ಗಳು. ನಾನು ಮಂಡ್ಯದ ಗುತ್ತಲಿನಿಂದ ಬರುತ್ತೇನೆ, ಅವಳು ಮಳವಳ್ಳಿಯಿಂದ. ನನಗಿಂತ ಹತ್ತು ವರ್ಷ ಚಿಕ್ಕವಳು, ಕ್ರೈಸ್ತರ ಮನೆಯವಳು. ರೋಗಿಗಳು ಅವಳನ್ನು ‘ಮಳವಳ್ಳಿ ಮೇಡಮ್ಮು’ ಎಂದೇ ಕರೆಯುತ್ತಿದ್ದರು. ನಮ್ಮಲ್ಲಿ ಐದು ಯಂತ್ರಗಳು. ದಿನಕ್ಕೆ ಮೂರು ಪಾಳಿ, ಪಾಳಿಗೆ ಐದು ಜನ, ಒಬ್ಬೊಬ್ಬರಿಗೆ ನಾಲ್ಕು ಗಂಟೆ. ವಾರಕ್ಕೆ ಮೂರು ಸಲ ರಕ್ತವನ್ನು ಯಂತ್ರದಲ್ಲಿ ಹಾಯಿಸಿ ಶುದ್ಧ ಮಾಡದಿದ್ದರೆ ಈ ಜನ ಬದುಕುವುದಿಲ್ಲ. ಹಬ್ಬ ಬಂತೆಂದು ಬಾಗಿಲು ಹಾಕುವ ಜಾಗವಲ್ಲ ಅದು. ಭಾನುವಾರ ಒಂದೇ ಬಿಡುವು.

ಅವಳು ಸೇರಿ ಮೂರು ವರ್ಷವಾಗಿತ್ತು. ಆ ಮೂರು ವರ್ಷವೂ ಯುಗಾದಿಗೆ, ಗೌರಿಗೆ, ದೀಪಾವಳಿಗೆ ರಜೆ ತೆಗೆದುಕೊಂಡವಳು ನಾನು. ನನ್ನ ಪಾಳಿ ಎಳೆದವಳು ಅವಳು. ಮೂರು ಕ್ರಿಸ್‌ಮಸ್ಸಿನಲ್ಲೂ ಅವಳಿಗೆ ರಜೆ ಸಿಗಲಿಲ್ಲ. ಒಂದು ವರ್ಷ ನನ್ನ ಮಗಳಿಗೆ ಜ್ವರ, ಒಂದು ವರ್ಷ ನಮ್ಮತ್ತೆಯ ಕಣ್ಣಿನ ಆಪರೇಷನ್, ಒಂದು ವರ್ಷ ಕಾರಣವೇ ನೆನಪಿಲ್ಲ. ಅವಳು ಬೆಳಿಗ್ಗೆ ಪಾಳಿ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗುತ್ತಿದ್ದಳು, ಅಷ್ಟೆ.

ಆ ವರ್ಷ ನವೆಂಬರಿನಲ್ಲಿ ಒಂದು ದಿನ ಟ್ಯೂಬುಗಳನ್ನು ತೊಳೆಯುತ್ತಾ ಅವಳು ಕೇಳಿದಳು.

“ಅಕ್ಕ, ಈ ಸಲ ಕ್ರಿಸ್‌ಮಸ್ಸಿಗೆ ಪೂರ್ತಿ ಒಂದಿನ ಕೊಡ್ತೀರಾ? ನಮ್ಮಣ್ಣಂಗೆ ಮಿಲಿಟ್ರೀಲಿ ನಾಕು ವರ್ಸದ ಮೇಲೆ ಡಿಸೆಂಬರ್ನಲ್ಲಿ ರಜ ಸಿಕ್ಕದೆ. ತಂಗಿ ಹೈದರಾಬಾದಲ್ಲಿ ನರ್ಸು, ಅವ್ಳಿಗೂ ಸಿಕ್ಕದೆ. ಮೂರು ಜನಾನೂ ಒಟ್ಗೆ ಕೂತು ಉಣ್ಬೇಕು ಅಂತ ನಮ್ಮವ್ವಂದು ಒಂದೇ ಆಸೆ.”

ಯೋಚಿಸಿ ಹೇಳುತ್ತೇನೆ ಎಂದೆ. ಮನೆಯಲ್ಲಿ ಗಂಡನಿಗೆ ಹೇಳಿದೆ. ಅವರು ಸಾರಿಗೆ ಬಸ್ಸಿನ ಕಂಡಕ್ಟರು. ಜನ ಹಬ್ಬಕ್ಕೆ ಊರು ಸೇರಬೇಕಾದರೆ ಅವರು ಬಸ್ಸಿನಲ್ಲಿರಬೇಕು. ನಮ್ಮ ಮನೆಯಲ್ಲಿ ಎಷ್ಟೋ ಹಬ್ಬದ ಹೋಳಿಗೆಯನ್ನು ಅವರಿಗೆ ಮಾರನೇ ದಿನ ಬಿಸಿ ಮಾಡಿ ಕೊಟ್ಟಿದ್ದೇನೆ.

“ಮೂರು ವರ್ಸ ಆ ಹುಡ್ಗಿ ಕೈಲಿ ನಿನ್ನ ಹಬ್ಬ ನಡುಸ್ಕಂಡಿದೀಯ. ಒಂದಿನ ಕೊಟ್ಬುಡು,” ಎಂದರು. ಆಮೇಲೆ, “ಮೂರು ಪಾಳೀನೂ ಒಬ್ಳೇ ಎಂಗ್ ಎಳೀತೀಯ?” ಎಂದೂ ಕೇಳಿದರು.

“ಹದಿನೈದು ಜನ ತಾನೆ. ಆಗ್ತದೆ,” ಎಂದೆ.

ಅವಳಿಗೆ ಪಟ್ಟಿ ತೋರಿಸುವಾಗ ನಾನು ಬೇಡದ ಇನ್ನೊಂದು ಮಾತನ್ನೂ ಸೇರಿಸಿದೆ. “ನಾನಂತೂ ಫೋನ್ ಮಾಡಲ್ಲ. ನೀನೂ ಮಾಡ್ಬೇಡ. ಅವತ್ತೊಂದಿನ ಆಸ್ಪತ್ರೆ ಮರ್ತುಬುಡು.” ಅವಳು ನಕ್ಕಳು. ಆ ನಗು ನೋಡಿ ನನಗೆ ನನ್ನ ಬಗ್ಗೆಯೇ ಸಂತೋಷವಾಯಿತು. ಇದನ್ನು ಇಲ್ಲೇ ಹೇಳಿಬಿಡಬೇಕು.

ಇಪ್ಪತ್ತೈದು ಗುರುವಾರ ಬಂತು. ಮಂಜು ದಟ್ಟವಾಗಿತ್ತು. ಕಬ್ಬಿನ ಲಾರಿಗಳ ಹಿಂದೆ ಬಸ್ಸು ತೆವಳಿಕೊಂಡು ಬಂದು, ನಾನು ಘಟಕದ ಬಾಗಿಲು ತೆಗೆದಾಗ ಐದೂ ಮುಕ್ಕಾಲು. ಮೊದಲ ಕೆಲಸ ನೀರಿನದು. ಒಬ್ಬ ರೋಗಿಗೆ ನೂರು ಲೀಟರಿಗೂ ಹೆಚ್ಚು ಶುದ್ಧ ನೀರು ಬೇಕು. ಹಿಂಬದಿಯ ಕೋಣೆಯಲ್ಲಿ ನೀರು ಒಂದಾದ ಮೇಲೊಂದು ಸಿಲಿಂಡರು ಹಾಯ್ದು ಬರುತ್ತದೆ. ಮರಳಿನದು ಕಸ ಹಿಡಿಯುತ್ತದೆ, ಇದ್ದಿಲಿನದು ಕ್ಲೋರಿನ್ ಹೀರುತ್ತದೆ, ಮುಂದಿನದು ನೀರಿನ ಗಡಸು ತೆಗೆಯುತ್ತದೆ. ಕೊನೆಗೆ ಆರ್‌ಓ, ಉಳಿದ ಲವಣವನ್ನು ಸೋಸುವುದು ಅದು. ಯಂತ್ರ ಕಾಲು ಗಂಟೆ ಓಡಿದ ಮೇಲೆ ನೀರು ಹಿಡಿದು ಪರೀಕ್ಷೆ ಮಾಡದೆ ಯಾರಿಗೂ ಸೂಜಿ ಚುಚ್ಚುವಂತಿಲ್ಲ.

ಗಾಜಿನ ನಳಿಗೆಗೆ ಎರಡು ತೊಟ್ಟು ಔಷಧ ಹಾಕಿದೆ. ನೀರು ತಿಳಿಯಾಗಿಯೇ ಇರಬೇಕು. ಹಳದಿ ತಿರುಗಿತು.

ಇನ್ನೊಮ್ಮೆ ಹಿಡಿದೆ. ಹಳದಿಯೇ. ಆ ವಾರ ನಲ್ಲಿ ನೀರಿಗೆ ಕ್ಲೋರಿನ್ ಜಾಸ್ತಿ ಬಿಟ್ಟಿದ್ದರೋ ಏನೋ. ನಮ್ಮ ಇದ್ದಿಲಂತೂ ಹಳತಾಗಿತ್ತು. ಬದಲಾಯಿಸಬೇಕೆಂದು ನಾವು ಬರೆದುಕೊಟ್ಟ ಚೀಟಿ ಆಫೀಸಿನ ಮೇಜಿನ ಮೇಲೆ ಒಂದು ತಿಂಗಳಿನಿಂದ ಕೂತಿತ್ತು. ಕ್ಲೋರಿನ್ ಇರುವ ನೀರು ಯಂತ್ರದೊಳಗೆ ಹೋದರೆ ರಕ್ತದ ಕಣಗಳು ಒಡೆದುಹೋಗುತ್ತವೆ. ಹೊರಗೆ ಬೆಂಚಿನ ಮೇಲೆ ಮೊದಲ ಪಾಳಿಯ ಐದು ಜನ ಶಾಲು ಹೊದ್ದು ಕೂತಿದ್ದರು.

ನೀರಿನ ಯಂತ್ರದ ಕಂಪನಿಯವನಿಗೆ ಫೋನ್ ಮಾಡಿದೆ. ಮೂರನೇ ಸಲಕ್ಕೆ ಎತ್ತಿದ. “ಇವತ್ತು ಕ್ರಿಸ್‌ಮಸ್ ಅಲ್ವಾ ಮೇಡಂ, ಹುಡುಗರೆಲ್ಲ ರಜ. ನಾಳೆ ಬೆಳಿಗ್ಗೆ ಕಳಿಸ್ತೀನಿ.”

ನಾನೇ ಮಾಡಬೇಕಾಯಿತು. ಇದ್ದಿಲಿನ ಸಿಲಿಂಡರಿಗೆ ಕೆಳಗಿನಿಂದ ಮೇಲಕ್ಕೆ ನೀರು ಹಾಯಿಸಿ ನಲವತ್ತು ನಿಮಿಷ ತೊಳೆದೆ. ಮತ್ತೆ ಪರೀಕ್ಷೆ. ಹಳದಿ ತೆಳುವಾಯಿತು, ಹೋಗಲಿಲ್ಲ. ಉಳಿದದ್ದು ಒಂದೇ ದಾರಿ: ನಲ್ಲಿ ನೀರು ನಿಲ್ಲಿಸಿ ಕೊಳವೆಬಾವಿಯ ನೀರು ತಿರುಗಿಸುವುದು. ಅದರಲ್ಲಿ ಕ್ಲೋರಿನ್ ಇಲ್ಲ, ಆದರೆ ವಿಪರೀತ ಗಡಸು. ಗಡಸು ತೆಗೆಯುವ ಸಿಲಿಂಡರಿಗೆ ಉಪ್ಪುನೀರು ಕುಡಿಸಿ, ನೆನೆಸಿ, ತೊಳೆದು ಹೊಸದಾಗಿ ತಯಾರು ಮಾಡದೆ ಅದು ಆ ನೀರನ್ನು ತಡೆಯುವುದಿಲ್ಲ. ಉಪ್ಪಿನ ಮೂಟೆ ಎಳೆದು ತಂದು ತೊಟ್ಟಿಗೆ ಸುರಿದೆ. ಸೀರೆ ಮೊಣಕಾಲಿನವರೆಗೆ ಒದ್ದೆ. ಒಂಬತ್ತೂವರೆಗೆ ನಳಿಗೆಯಲ್ಲಿ ನೀರು ತಿಳಿಯಾಗಿ ನಿಂತಿತು.

ಮೂರು ಗಂಟೆ ಹೋಗಿತ್ತು.

ಕಿಡ್ನಿ ಡಾಕ್ಟರು ಮೈಸೂರಿನಿಂದ ವಾರಕ್ಕೆ ಎರಡು ದಿನ ಬರುವವರು. ಫೋನಿನಲ್ಲಿ ಎಲ್ಲ ಹೇಳಿದೆ. “ಎಲ್ಲರಿಗೂ ಮೂರು ಗಂಟೆ ಮಾಡಿ. ಹದಿನೈದು ಜನ ಮುಗಿಯುತ್ತಾರೆ. ಇನ್ನೊಬ್ಬರು ಟೆಕ್ನೀಷಿಯನ್ ಇದ್ದಾರಲ್ಲ?” ಎಂದರು.

“ಇವತ್ತು ಅವಳಿಗೆ ರಜೆ ಸರ್.”

“ಸರಿ, ನೋಡಿಕೊಳ್ಳಿ,” ಎಂದರು.

ಮೊದಲ ಪಾಳಿ ಹನ್ನೆರಡೂವರೆಗೆ ಮುಗಿಯಿತು. ಒಂದು ಗಂಟೆಗೆ ಎರಡನೆಯದನ್ನು ಹಾಕುವಾಗ ಮೂರನೇ ಯಂತ್ರ ಕೂಗಲು ಶುರು ಮಾಡಿತು. ಯಂತ್ರ ಬೆರೆಸುವ ದ್ರಾವಣದ ಹದ ತಪ್ಪುತ್ತಿತ್ತು. ಕ್ಯಾನು ಬದಲಾಯಿಸಿದೆ, ಪೈಪು ಬಿಚ್ಚಿ ಹಾಕಿದೆ, ಆರಿಸಿ ಹೊತ್ತಿಸಿದೆ. ಎರಡು ನಿಮಿಷ ಸುಮ್ಮನಿರುತ್ತಿತ್ತು, ಮತ್ತೆ ಕೂಗುತ್ತಿತ್ತು. ಹಿಂದಿನ ಮುಚ್ಚಳ ತೆಗೆದು ಒಳಗೆ ಕೈ ಹಾಕಬೇಕಿತ್ತು. ಆ ಕೆಲಸದಲ್ಲಿ ಅವಳ ಕೈ ನನ್ನದಕ್ಕಿಂತ ಚೆನ್ನಾಗಿತ್ತು. ಆ ಯಂತ್ರವನ್ನು ಅವಳು ಹಿಂದೆ ಎರಡು ಸಲ ಬಿಚ್ಚಿ ಸರಿ ಮಾಡಿದ್ದಳು. ಉಳಿದ ನಾಲ್ಕು ಯಂತ್ರಗಳಲ್ಲಿ ನಾಲ್ಕು ಜನರ ರಕ್ತ ಹೊರಗೆ ಓಡುತ್ತಿರುವಾಗ ನಾನು ಅವರಿಗೆ ಬೆನ್ನು ಹಾಕಿ ಕೂರುವಂತಿರಲಿಲ್ಲ. ಮೂರನೇ ಯಂತ್ರದ ಮೇಲೆ ಬಟ್ಟೆ ಹೊದಿಸಿದೆ. ಅಲ್ಲಿಯ ರೋಗಿಯನ್ನು ಮೂರನೇ ಪಾಳಿಗೆ ತಳ್ಳಿದೆ. ಅಂದರೆ ಆ ಪಾಳಿಗೆ ಆರು ಜನ, ನಾಲ್ಕು ಯಂತ್ರ.

ಮಂಡ್ಯದ ಎರಡು ಕಡೆ ಫೋನ್ ಮಾಡಿದೆ. ಒಂದು ಕಡೆ ಜಾಗವಿಲ್ಲ. ಇನ್ನೊಂದು ಕಡೆ ಒಬ್ಬರನ್ನು ತೆಗೆದುಕೊಳ್ಳುತ್ತೇವೆ ಎಂದರು. ಮಂಡ್ಯ ಕಡೆಯ ಒಬ್ಬರನ್ನು ಅಲ್ಲಿಗೆ ಕಳಿಸಿದೆ. ಇನ್ನೂ ಒಬ್ಬರು ಹೆಚ್ಚು ಉಳಿದರು.

ಆಗ ಫೋನ್ ತೆಗೆದು ಅವಳ ಹೆಸರನ್ನು ತೆರೆದೆ. ಸಮಯ ಎರಡೂ ಕಾಲು. ಮಳವಳ್ಳಿಯಿಂದ ಬಸ್ಸು ಹತ್ತಿದರೆ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಅವಳು ಬಂದರೆ ಒಬ್ಬರು ರೋಗಿಗಳನ್ನು ನೋಡಿಕೊಂಡು ಇನ್ನೊಬ್ಬರು ಯಂತ್ರ ಬಿಚ್ಚಬಹುದು. ಹೆಬ್ಬೆಟ್ಟು ಪರದೆಯ ಮೇಲೆಯೇ ಇತ್ತು. ಅವರ ಮನೆಯಲ್ಲಿ ಊಟಕ್ಕೆ ಕೂತಿರುವ ಹೊತ್ತು ಇದು ಎನಿಸಿತು. ಅವರವ್ವ ಬಡಿಸುತ್ತಿರುತ್ತಾರೆ. ನಾಲ್ಕು ವರ್ಷದ ಮೇಲೆ ಬಂದ ಅಣ್ಣ ಪಕ್ಕದಲ್ಲಿರುತ್ತಾನೆ. ಮಾಡಲ್ಲ ಎಂದು ಮಾತು ಕೊಟ್ಟು, ಊಟದ ಎಲೆಯಿಂದ ಎಬ್ಬಿಸುವುದೇ?

ಫೋನನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ.

ಮೂರನೇ ಪಾಳಿಯವರು ಬಂದರು. ಒಬ್ಬರಿಗೆ ಆಗಲೇ ಏದುಸಿರು. ಒಬ್ಬರು ಮಂಗಳವಾರವೇ ತಪ್ಪಿಸಿದವರು. ಒಬ್ಬ ಅಜ್ಜಿಯ ಕಾಲು ಊದಿತ್ತು. ಮಧ್ಯಾಹ್ನದ ಪಾಳಿಯಿಂದ ತಳ್ಳಿದವರು ಬೆಳಿಗ್ಗೆಯಿಂದ ಕಾದು ಸುಸ್ತಾಗಿದ್ದರು. ಐದನೆಯವರು ಬೆಸಗರಹಳ್ಳಿ ಕಡೆಯ ದರ್ಜಿ. ಐವತ್ತರ ಆಸುಪಾಸು, ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವವರು. ಯಂತ್ರದ ಪಕ್ಕ ಮಲಗಿಯೇ ನಮ್ಮ ಏಪ್ರನ್ನುಗಳ ತೋಳು ಸರಿಯಿಲ್ಲವೆಂದು ಟೀಕೆ ಮಾಡುತ್ತಿದ್ದರು. ಯಾವಾಗಲೂ ಹೆಂಡತಿ ಜೊತೆಗೆ ಬರುತ್ತಿದ್ದರು.

ಅವರ ತೂಕ ನೋಡಿದೆ. ಮಂಗಳವಾರ ಇಳಿಸಿ ಕಳಿಸಿದ್ದಕ್ಕಿಂತ ಮೂರೂವರೆ ಕೆ.ಜಿ. ಹೆಚ್ಚು, ಅಷ್ಟೂ ದೇಹದಲ್ಲಿ ನಿಂತ ನೀರು. ಬಿ.ಪಿ. ಜಾಸ್ತಿ, ಆದರೆ ಅವರಿಗೆ ಅದು ಹೊಸದಲ್ಲ. ಉಸಿರು ಸರಾಗವಾಗಿತ್ತು. ಡ್ಯೂಟಿ ಡಾಕ್ಟರು ಬಂದು ಎದೆಗೆ ಸ್ಟೆತಾಸ್ಕೋಪು ಇಟ್ಟು, ಪರವಾಗಿಲ್ಲ ಎಂದರು. ರಕ್ತದ ಪೊಟ್ಯಾಸಿಯಂ ನೋಡಿದ್ದರೆ ಗೊತ್ತಾಗುತ್ತಿತ್ತು. ಹಬ್ಬದ ರಜೆ ಎಂದು ಲ್ಯಾಬಿನವರು ಮಧ್ಯಾಹ್ನಕ್ಕೇ ಬಾಗಿಲು ಹಾಕಿದ್ದರು.

ನಾಲ್ವರು ಇಳಿದ ಮೇಲೆ ಐದನೆಯವರನ್ನು ಹತ್ತಿಸಿದರೆ ರಾತ್ರಿ ಹನ್ನೊಂದು ದಾಟುತ್ತಿತ್ತು, ಆ ಹೊತ್ತಿಗೆ ಹಳ್ಳಿಗಳಿಗೆ ಬಸ್ಸಿರಲಿಲ್ಲ. ಯಾರನ್ನು ಬಿಡುವುದೆಂದು ನಾನು ಲೆಕ್ಕ ಹಾಕುತ್ತಿದ್ದದ್ದು ದರ್ಜಿಯವರಿಗೆ ತಿಳಿಯಿತು.

“ಮಳವಳ್ಳಿ ಮೇಡಮ್ಮು ಇವತ್ತು ಬಂದಿಲ್ವ?”

“ಹಬ್ಬಕ್ಕೆ ಹೋಗಿದಾಳೆ.”

“ಓಗ್ಲಿ ಬುಡಿ, ಅವ್ರೂ ಮನ್ಸರೇ. ನಾನು ನಾಳೆ ಬೆಳಿಗ್ಗೇನೆ ಬತ್ತೀನಿ. ಮೊದ್ಲು ಆ ಅಜ್ಜೀನ ಹತ್ಸಿ. ನಂಗೇನಾಗದೆ, ಎಂಗ್ ನಿಂತಿದೀನಿ ನೋಡಿ.”

ಅವರ ಹೆಂಡತಿ ನನ್ನ ಮುಖ ನೋಡಿದರು. “ಏನೂ ಆಗಕಿಲ್ವ ಮೇಡಂ?”

ಮೈಸೂರಿನ ಡಾಕ್ಟರಿಗೆ ಮತ್ತೆ ಫೋನ್ ಮಾಡಿ ಕೇಳಿದೆ. ನಾಳೆ ಮೊದಲನೆಯವರಾಗಿ ತೆಗೆದುಕೊಳ್ಳಿ ಎಂದರು. ಎಂದಿನ ಎಚ್ಚರಿಕೆಗಳನ್ನೆಲ್ಲ ಹೇಳಿದೆ. ಉಸಿರು ಕಟ್ಟಿದರೆ ಒಂದು ಕ್ಷಣವೂ ಕಾಯದೆ ನೇರ ಮಂಡ್ಯಕ್ಕೆ ಹೋಗಿ ಎಂದು ಎರಡು ಸಲ ಹೇಳಿದೆ. ಅವರು ತಲೆಯಾಡಿಸಿ ಹೊರಟರು. ಉಳಿದ ನಾಲ್ವರಿಗೆ ಸೂಜಿ ಹಾಕಿದೆ. ಏಳೂ ಮುಕ್ಕಾಲಿಗೆ ಕೊನೆಯವರನ್ನು ಇಳಿಸಿದಾಗ ನನ್ನ ಕಾಲು ನನ್ನದಾಗಿರಲಿಲ್ಲ. ಆದರೆ ಬಸ್ಸಿನಲ್ಲಿ ಕೂತಾಗ ಮನಸ್ಸು ಹಗುರವಾಗಿತ್ತು. ಮಂಡ್ಯಕ್ಕೆ ಕಳಿಸಿದವರೂ ಸೇರಿ ಹದಿನಾಲ್ಕು ಜನ ಮುಗಿದಿದ್ದರು. ಅವಳ ಹಬ್ಬ ಕೆಡಲಿಲ್ಲ. ಮಾತು ಉಳಿಸಿಕೊಂಡೆ.

ಮರುದಿನ ಬೆಳಿಗ್ಗೆ ನೀರು ನೋಡಿ, ಒಂದನೇ ಯಂತ್ರವನ್ನು ದರ್ಜಿಯವರಿಗೆ ಸಿದ್ಧ ಮಾಡಿದೆ. ನಮ್ಮಲ್ಲಿ ಒಬ್ಬ ರೋಗಿಯ ಫಿಲ್ಟರನ್ನು ತೊಳೆದು ಹಲವು ಸಲ ಬಳಸುತ್ತೇವೆ. ಬದಲಾಗದಿರಲೆಂದು ಅದರ ಮೇಲೆ ಅವರ ಹೆಸರು ಬರೆದಿರುತ್ತದೆ. ಅವರ ಹೆಸರಿನ ಫಿಲ್ಟರು ಜೋಡಿಸಿ, ಟ್ಯೂಬುಗಳಲ್ಲಿ ಉಪ್ಪುನೀರು ತುಂಬಿಸಿ, ಗುಳ್ಳೆಗಳನ್ನು ತಟ್ಟಿ ಹೊರಹಾಕಿದೆ. ಆರೂವರೆಯಾಯಿತು. ಬರಲಿಲ್ಲ. ಏಳಕ್ಕೆ ಅವರ ಮನೆಗೆ ಫೋನ್ ಮಾಡಿದೆ. ಯಾರೋ ಗಂಡಸು ಎತ್ತಿದ.

“ಬೆಳಗಿನ ಜಾವ ಎದೆ ಇಡ್ಕಂಡು ಬಿದ್ಬುಟ್ರು ಮೇಡಂ. ಮಂಡ್ಯಕ್ಕೆ ಓಗ್ತಾ ದಾರೀಲೇ ಓದ್ರು.”

ಟ್ಯೂಬು ಬಿಚ್ಚಿದೆ. ಫಿಲ್ಟರನ್ನು ಹಳದಿ ಚೀಲಕ್ಕೆ ಹಾಕಿದೆ. ರಿಜಿಸ್ಟರಿನಲ್ಲಿ ‘ವಿಲೇವಾರಿ’ ಎಂದು ಬರೆದು ಕಾರಣದ ಅಂಕಣದಲ್ಲಿ ಬರೆಯಬೇಕಾದ್ದನ್ನು ಬರೆದೆ. ಹೊರಗೆ ಐದು ಜನ ಕಾಯುತ್ತಿದ್ದರು. ಅವರಲ್ಲಿ ಒಬ್ಬರನ್ನು ಒಂದನೇ ಯಂತ್ರಕ್ಕೆ ಕರೆದೆ.

ಅವಳು ಎರಡನೇ ಪಾಳಿಗೆ ಬಂದಳು. ಕೈಯಲ್ಲಿ ಸ್ಟೀಲ್ ಡಬ್ಬಿ. ಒಳಗೆ ಕೇಕು, ಕರ್ಜಿಕಾಯಿ. “ನಮ್ಮವ್ವ ನಿಮ್ಗೆ ಅಂತ್ಲೇ ಕೊಟ್ಟವ್ರೆ ಅಕ್ಕ,” ಎಂದವಳು ಗೋಡೆಯ ಹಲಗೆಯ ಮೇಲೆ ಹೊಡೆದು ಹಾಕಿದ ಹೆಸರನ್ನು ನೋಡಿ ನಿಂತಳು. ನೀರಿನ ಕೋಣೆಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ಕ್ಲೋರಿನ್ನಿನಿಂದ ಹಿಡಿದು, ಬಟ್ಟೆ ಹೊದಿಸಿದ ಯಂತ್ರದವರೆಗೆ.

ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ.

“ನಂಗ್ಯಾಕೆ ಫೋನ್ ಮಾಡ್ಲಿಲ್ಲ?”

“ನಿನ್ನ ಹಬ್ಬ ಹಾಳಾಗ್ಬಾರ್ದು ಅಂತ.”

“ಬೆಳಿಗ್ಗೆ ಚರ್ಚಲ್ಲಿ ಪೂಜೆ ಮುಗೀತು. ಒಂದು ಗಂಟೆಗೆ ಊಟ ಮುಗೀತು. ಎರಡು ಗಂಟೆಗೆ ಎಲ್ರೂ ಚಾಪೆ ಹಾಕ್ಕಂಡು ಮಲ್ಗಿದ್ರು. ನಾನು ಜಗುಲೀಲಿ ಸುಮ್ನೆ ಕೂತಿದ್ದೆ. ಮೂರು ಗಂಟೆ ಬಸ್ಸು ನಮ್ಮ ಮನೆ ಮುಂದ್ಲೇ ಓಯ್ತು ಅಕ್ಕ. ನೋಡ್ಕಂಡು ಕೂತಿದ್ದೆ.” ಅವಳ ದನಿ ಏರಲಿಲ್ಲ. “ನನ್ನ ಒಂದು ಮಾತು ಕೇಳ್ಬೇಕಿತ್ತು. ಬತ್ತೀನಿ, ಬರಲ್ಲ ಅನ್ನೋದು ನಾನೇಳ್ಬೇಕಿತ್ತು. ಇನ್ನು ಕ್ರಿಸ್‌ಮಸ್ ಬಂದಾಗೆಲ್ಲ ಆ ಮನುಸನ ಮೊಕ ಬತ್ತದೆ ನಂಗೆ. ಇದಾ ನೀವು ಕೊಟ್ಟ ರಜ?”

ಅವಳು ಹೊರಗೆ ಹೋಗಿ ಮೂರನೇ ಯಂತ್ರದ ಹಿಂದಿನ ಮುಚ್ಚಳ ಬಿಚ್ಚಿದಳು. ಒಂದು ಸಣ್ಣ ಕವಾಟದಲ್ಲಿ ಬಿಳಿ ಪುಡಿ ಗಟ್ಟಿಯಾಗಿತ್ತು. ತೊಳೆದು ಹಾಕಿದಳು. ಇಪ್ಪತ್ತು ನಿಮಿಷದ ಕೆಲಸ.

ಆಮೇಲಿನ ದಿನಗಳಲ್ಲಿ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಡಾಕ್ಟರು, ಇಂಥ ರೋಗಿಗಳಿಗೆ ಯಾವಾಗ ಬೇಕಾದರೂ ಹೀಗಾಗಬಹುದು ಎಂದರು. ಆಫೀಸಿನವರು ಮರುವಾರವೇ ಇದ್ದಿಲು ಬದಲಾಯಿಸಿದರು. ಇನ್ನೊಬ್ಬ ಟೆಕ್ನೀಷಿಯನ್ ಬೇಕೆಂಬ ನಮ್ಮ ಅರ್ಜಿಯನ್ನು ತೆಗೆದಿಟ್ಟುಕೊಂಡರು. ನಾನು ಮಾತ್ರ ಬಸ್ಸಿನಲ್ಲಿ ಬರುವಾಗ, ಹೋಗುವಾಗ ಆ ಎರಡೂ ಕಾಲು ಗಂಟೆಯನ್ನೇ ತಿರುಗಿಸಿ ನೋಡುತ್ತಿದ್ದೆ. ಅವಳಿಗಾಗಿ ಫೋನ್ ಮಾಡಲಿಲ್ಲ ಎಂದು ಮೊದಮೊದಲು ನಂಬಿದ್ದೆ. ನನ್ನ ಮೂರು ವರ್ಷದ ಹಬ್ಬಗಳನ್ನು ಒಂದೇ ದಿನದಲ್ಲಿ ಸರಿಮಾಡಿಬಿಡುವ ಹಟ ಅದರಲ್ಲಿತ್ತು. ಒಬ್ಬಳೇ ನಿಭಾಯಿಸಿದೆ ಎನಿಸಿಕೊಳ್ಳುವ ಆಸೆಯೂ ಇತ್ತು.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲಿನ ಭಾನುವಾರ ಬೆಸಗರಹಳ್ಳಿಗೆ ಹೊರಟೆ. ಅವಳಿಗೂ ಹೇಳಿದೆ. ಬರುತ್ತಾಳೆಂಬ ನಂಬಿಕೆ ಇರಲಿಲ್ಲ. ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ನನಗಿಂತ ಮೊದಲೇ ಬಂದು ನಿಂತಿದ್ದಳು.

ಮನೆಯ ಮುಂಬದಿಯ ಕೋಣೆಯಲ್ಲಿ ಹೊಲಿಗೆ ಯಂತ್ರ ಇತ್ತು. ನೀಲಿ ಬಟ್ಟೆಯ ಕತ್ತರಿಸಿದ ತುಂಡುಗಳು ಇನ್ನೂ ಕಟ್ಟಿಟ್ಟಂತೆಯೇ ಇದ್ದವು. ಅವರ ಹೆಂಡತಿ ಚಾಪೆ ಹಾಸಿದರು. ಅವರ ತಂಗಿ ಕಾಫಿ ತಂದು ಇಟ್ಟು ಒಳಗೆ ಹೋದರು. ಆಮೇಲೆ ಆಕೆ ನನ್ನ ಹತ್ತಿರ ಸರಿದು, ತಂಗಿಗೆ ಕೇಳದ ಹಾಗೆ ಹೇಳಿದರು.

“ಒಂದು ಮಾತು ಯಾರ್ಗೂ ಏಳಿಲ್ಲ ಕಣಮ್ಮ. ಅವತ್ತು ವಾಪಸ್ ಬತ್ತಾ ಬಸ್‌ಸ್ಟ್ಯಾಂಡಲ್ಲಿ ನಂಗೆ ಅಂತ ಎಳನೀರು ಕೊಡುಸ್ಕಂಡೆ. ಬಾಯಿ ಒಣ್ಗ್ತದೆ, ಒಂದು ಗುಟುಕು ಕೊಡು ಅಂದ್ರು. ಬ್ಯಾಡ ಅನ್ನಕ್ಕೆ ಮನ್ಸು ಬರ್ಲಿಲ್ಲ. ಅರ್ಧ ಕುಡುದ್ರು. ಅದ್ರಿಂದ್ಲೇ ಓದ್ರಾ? ನಾನೇ ಸಾಯಿಸ್ಬುಟ್ನಾ?”

ಎಳನೀರಿನಲ್ಲಿ ಪೊಟ್ಯಾಸಿಯಂ ಬಹಳ. ಕಿಡ್ನಿ ಸತ್ತವರ ಎದೆಬಡಿತವನ್ನು ಅದು ನಿಲ್ಲಿಸಬಲ್ಲದು. ಅದು ನನಗೆ ಗೊತ್ತು. ಅವರಿಗೂ ನಾವೇ ಹೇಳಿಕೊಟ್ಟಿದ್ದೆವು. ಅರ್ಧ ಎಳನೀರೇ ಕಾರಣವೋ, ಎರಡು ದಿನದಿಂದ ರಕ್ತದಲ್ಲಿ ಸೇರಿದ್ದೇ ಸಾಕಾಯಿತೋ ಎಂದು ಹೇಳುವ ವರದಿ ಯಾವುದೂ ನಮ್ಮ ಹತ್ತಿರ ಇರಲಿಲ್ಲ. ‘ದೇವರು ಕರೆಸಿಕೊಂಡ’ ಎಂದುಬಿಟ್ಟು ಎದ್ದು ಬರಬಹುದಿತ್ತು. ಹಾಗೆ ಬಂದರೆ ಈ ಹೆಂಗಸು ಆ ಅರ್ಧ ಎಳನೀರನ್ನು ಜೀವನವಿಡೀ ಹೊತ್ತುಕೊಂಡಿರುತ್ತಾರೆ.

“ಇಲ್ಲಮ್ಮ,” ಎಂದೆ. “ಅವತ್ತು ಡಯಾಲಿಸಿಸ್ ಆಗಿದ್ರೆ ಆ ಎಳನೀರಿಂದ ಏನೂ ಆಗ್ತಿರ್ಲಿಲ್ಲ. ನಾವು ಅವತ್ತೇ ಮಾಡ್ಬೇಕಿತ್ತು.”

ಆಕೆ ನನ್ನನ್ನೇ ನೋಡಿದರು. ಮುಖದಲ್ಲಿ ಏನೋ ಸಡಿಲವಾಯಿತು. ಮರುಕ್ಷಣ ಇನ್ನೇನೋ ಗಟ್ಟಿಯಾಯಿತು.

“ಅಂಗಾದ್ರೆ ಯಾಕೆ ವಾಪಸ್ ಕಳ್ಸುದ್ರಿ?”

ಹೇಳಿದೆ. ನೀರು, ಯಂತ್ರ, ಹೊತ್ತು. ಅವರೇ ನಾಳೆ ಬರುತ್ತೇನೆ ಎಂದದ್ದನ್ನು ಹೇಳಲಿಲ್ಲ. “ಒಬ್ರಿಗೆ ಫೋನ್ ಮಾಡಿದ್ರೆ ಬಂದು ಯಂತ್ರ ಸರಿ ಮಾಡ್ತಿದ್ರು. ನಾನು ಮಾಡ್ಲಿಲ್ಲ,” ಎಂದೆ. ಪಕ್ಕದಲ್ಲಿ ಅವಳು ಬಾಯಿ ತೆರೆದಳು. ನಾನು ಅವಳ ಮೊಣಕೈ ಒತ್ತಿದೆ. ಸುಮ್ಮನಾದಳು.

ಆಕೆ ಎದ್ದು ಒಳಗೆ ಹೋದರು. ಕಾದೆವು. ಹೊರಗೆ ಬರಲಿಲ್ಲ. ಕಾಫಿಯ ಮೇಲೆ ಕೆನೆ ಕಟ್ಟಿತು. ಆಮೇಲೆ ತಂಗಿ ಬಾಗಿಲಿಗೆ ಬಂದು, “ಓಗಿ ಬನ್ನಿ ಮೇಡಂ, ಅಕ್ಕ ಮಲ್ಗವ್ಳೆ,” ಎಂದರು.

ಬಸ್ಸಿನಲ್ಲಿ ಜಾಗವಿರಲಿಲ್ಲ. ಮದ್ದೂರಿನವರೆಗೂ ಇಬ್ಬರೂ ಕಂಬಿ ಹಿಡಿದು ನಿಂತೇ ಬಂದೆವು. ಬಸ್‌ಸ್ಟ್ಯಾಂಡಿನಲ್ಲಿ ಮಳವಳ್ಳಿ ಬಸ್ಸು ಹೊರಡಲು ಸಿದ್ಧವಾಗಿತ್ತು. ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು. ಎರಡು ವಾರದಲ್ಲಿ ಅವಳು ತಾನಾಗಿ ಆಡಿದ ಮೊದಲ ಮಾತು ಅದು.

“ನಾಳೆ ಬೆಳಿಗ್ಗೆ ಪಾಳಿ ನಂದು. ಏನಾರ ಆದ್ರೆ ನಿಮ್ಗೆ ಫೋನ್ ಮಾಡ್ತೀನಿ. ನೀವು ಉಣ್ತಾ ಇದ್ರೂ ಮಾಡ್ತೀನಿ.”

“ಮಾಡು,” ಎಂದೆ. “ಬತ್ತೀನಿ.”

ಬಸ್ಸು ಹೊರಟಿತು. ನಾನು ಮಂಡ್ಯದ ಬಸ್ಸು ನಿಲ್ಲುವ ಕಡೆ ನಡೆದೆ.